ಇಲ್ಲದವರ ಪಾಲಿನ ಬ್ರೆಡ್ಡು

ಮಾರ್ಚ್ ೩, ಸೋಮವಾರ

ಎಂಭತ್ತು ಸಾವಿರ ಜನರ ಸೈನ್ಯವನ್ನು ಎರಡು ವರ್ಷ ನಡೆಸಿದವನು ನಾನು. ಜನರಲ್‌ಗಳು ಮೂವರು ಬಂದರು, ಮೂವರೂ ಹೋದರು. ಅವರು ನಕ್ಷೆಯ ಮೇಲೆ ಬೆರಳಾಡಿಸುತ್ತಿದ್ದರು, ಅಷ್ಟೇ. ನಾನು ಹೂಂ ಅನ್ನದೆ ಒಂದು ಲಾರಿಯ ಚಕ್ರವೂ ತಿರುಗುತ್ತಿರಲಿಲ್ಲ. ಶತ್ರುಗಳು ನನ್ನ ತಲೆಗೆ ಬಹುಮಾನ ಗೊತ್ತುಮಾಡಿದ್ದರು. ಅದನ್ನು ಕೇಳಿ ನಮ್ಮ ಮೂರನೇ ಜನರಲ್‌ಗೆ ಹೊಟ್ಟೆ ಉರಿದು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು.

ಯುದ್ಧ ಮುಗಿದು ಹನ್ನೊಂದು ವರ್ಷವಾದ ಮೇಲೆ ಇದನ್ನು ಬರೆದಿಡುವುದಕ್ಕೆ ಕಾರಣವಿದೆ. ನಾನಿರುವುದು ಅಕ್ಕನ ಮಗಳ ಮನೆಯಲ್ಲಿ. ಅಕ್ಕ ಹೋದ ಮೇಲೆ ನಾವಿಬ್ಬರೇ. ಅವಳು ಯುದ್ಧ ದಾಖಲೆಗಳ ಕಚೇರಿಯಲ್ಲಿ ಟೈಪಿಸ್ಟು. ಇವತ್ತು ಸಂಜೆ ಬಂದವಳೇ ಕೊಡೆಯನ್ನು ಮೂಲೆಗಿಟ್ಟು, ನಿಮ್ಮ ಕೋರಿನ ಇತಿಹಾಸ ಬರೆಸುತ್ತಿದ್ದಾರೆ ಮಾವ, ನಮ್ಮ ಸಾಹೇಬರು ನಿನ್ನನ್ನು ನೋಡಬೇಕಂತೆ ಅಂದಳು.

ಕೋರು ಅಂದರೆ ಸಣ್ಣ ವಿಷಯವಲ್ಲ. ಮೂರು ಬೆಟಾಲಿಯನ್ನಿಗೆ ಒಂದು ಬ್ರಿಗೇಡು, ಮೂರು ಬ್ರಿಗೇಡಿಗೆ ಒಂದು ಡಿವಿಷನ್ನು, ಮೂರು ಡಿವಿಷನ್ನಿಗೆ ಒಂದು ಕೋರು, ಅದರ ನೆತ್ತಿಯ ಮೇಲೆ ಒಬ್ಬ ಜನರಲ್. ಮೂರರ ಮಗ್ಗಿ ಬಂದವನಿಗೆ ಯುದ್ಧಶಾಸ್ತ್ರ ಪೂರ್ತಿ ಬಂದ ಹಾಗೆ. ನನಗೆ ಮೂವತ್ತರವರೆಗೆ ಬರುತ್ತದೆ. ನಮ್ಮ ಹಳ್ಳಿ ಶಾಲೆಯ ಮೇಷ್ಟರು ನನ್ನನ್ನು ನಾಲ್ಕನೇ ಕ್ಲಾಸಿಗೇ ಬಿಡಿಸಿ ಕಳಿಸಿದ್ದು ಯಾಕೆಂದರೆ ಇನ್ನು ಕಲಿಸುವುದಕ್ಕೆ ಅವರ ಹತ್ತಿರ ಏನೂ ಉಳಿದಿರಲಿಲ್ಲ.

ಅದಿರಲಿ. ಅಷ್ಟು ಜನರಿದ್ದ ಕೋರಿನಲ್ಲಿ ನನ್ನನ್ನೇ ಯಾಕೆ ನೋಡಬೇಕು? ಕರ್ನಲ್‌ಗಳಿದ್ದಾರೆ, ಮೇಜರ್‌ಗಳಿದ್ದಾರೆ, ಮಾತಾಡಿಸುವವರಿಲ್ಲದೆ ಬಾಯಿ ಒಣಗಿ ಕೂತಿದ್ದಾರೆ. ಇದರಲ್ಲಿ ಏನೋ ಇದೆ.

ಮಾರ್ಚ್ ೫, ಬುಧವಾರ

ಬಂದಿದ್ದ. ತೆಳ್ಳನೆಯ ಮನುಷ್ಯ, ನಲವತ್ತಿರಬಹುದು, ಕೋಟಿನ ತೋಳಿಗೆ ಶಾಯಿ. ಮಾತೆತ್ತಿದರೆ ಇದಕ್ಕೊಂದು ಅಡಿಟಿಪ್ಪಣಿ ಹಾಕುತ್ತೇನೆ ಅನ್ನುತ್ತಾನೆ. ಅದನ್ನೇ ಹೆಸರಾಗಿಟ್ಟೆ: ಅಡಿಟಿಪ್ಪಣಿ.

ಕೋರು ಹುಟ್ಟಿದ ಕಥೆಯಿಂದ ಶುರುಮಾಡಿದೆ. ಮುಚ್ಚಿಹೋದ ಕಾಗದದ ಕಾರ್ಖಾನೆಯಲ್ಲಿ ಮೊದಲ ಡಿವಿಷನ್ನು ಕೂಡಿದ್ದು, ಬಂದೂಕಿಗಿಂತ ಮುಂಚೆ ಬೂಟು ಬಂದದ್ದು, ನಾಲ್ಕು ಪೆಟ್ಟಿಗೆ ತುಂಬಾ ಬರೀ ಎಡಗಾಲಿನವೇ ಇದ್ದದ್ದು. ಮೊದಲನೇ ಜನರಲ್‌ಗೆ ಕುದುರೆಯ ಹುಚ್ಚು. ಶತ್ರು ಟ್ಯಾಂಕಿನಲ್ಲಿ ಬರುತ್ತಿದ್ದರೆ ಇವರು ಲಾಯದಲ್ಲಿ ಲಾಳದ ಗುಣ ನೋಡುತ್ತಿದ್ದರು. ಮೇಲಿನವರು ಮನೆಗೆ ಕಳಿಸಿದರು. ಎರಡನೆಯವರು ಒಳ್ಳೆಯ ಮನುಷ್ಯ, ಒಳ್ಳೆಯವರಿಗೆ ಆಗುವಂಥದ್ದೇ ಆಯಿತು, ಊಟದ ಮೇಜಿನ ಮೇಲೆ ಫಿರಂಗಿ ಗುಂಡು ಬಿತ್ತು. ಮೂರನೆಯವರಿಗೆ ಸಿಪಾಯಿಗಳು ಇಟ್ಟ ಹೆಸರು ತಕ್ಕಡಿ. ಎಲ್ಲವನ್ನೂ ತೂಗಿ ನೋಡುವವರು. ಒಂದೊಂದು ದಾಳಿಗೂ ಮುಂಚೆ ನನ್ನನ್ನು ಕರೆಸಿ, ಏನು ಮಾಡೋಣ ಹೇಳಪ್ಪ ಅಂತ ಕೇಳುತ್ತಿದ್ದರು ಅಂದೆ.

ಅಡಿಟಿಪ್ಪಣಿ ಇದರಲ್ಲಿ ಒಂದಕ್ಷರ ಬರೆದುಕೊಳ್ಳಲಿಲ್ಲ. ಅವನು ಕೇಳಿದ್ದೇ ಬೇರೆ. ಬೇಕರಿ ಎಲ್ಲಿತ್ತು? ಅಲ್ಲಿಂದ ನದಿಗೆ ಬ್ರೆಡ್ಡು ಹೋಗುವುದಕ್ಕೆ ಎಷ್ಟು ಹೊತ್ತು? ಊಟಕ್ಕೆ ಎಷ್ಟು ತಲೆ ಅಂತ ಸಂಜೆ ಹೊತ್ತು ಕೂಡಿಸುತ್ತಿದ್ದವರು ಯಾರು?

ಯಾರೋ ಒಬ್ಬ ಗುಮಾಸ್ತ, ಹೆಸರಿಲ್ಲ ದೆಸೆಯಿಲ್ಲ, ಸತ್ತಿರಬೇಕು ಅಂದೆ.

ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿಸಿಕೊಂಡ. ಹೊರಡುವಾಗ ನನ್ನ ಟ್ರಂಕಿನ ಕಡೆ ನೋಡಿದ. ನೋಡಲಿಲ್ಲ ಅನ್ನುತ್ತಾಳೆ ಅಕ್ಕನ ಮಗಳು. ಅವಳು ಅವನ ಸಂಬಳ ತಿನ್ನುವವಳು.

ಮಾರ್ಚ್ ೬, ಗುರುವಾರ

ಟ್ರಂಕಿನಲ್ಲಿ ಏನಿದೆ ಅಂತ ಇಲ್ಲಾದರೂ ಬರೆಯಬಹುದು. ಹಳೆಯ ಕಂಬಳಿ ಎರಡು, ಅದರಡಿ ದಾರ ಕಟ್ಟಿದ ಗುಲಾಬಿ ಚೀಟಿಗಳ ಕಂತೆ.

ಗುಲಾಬಿ ಚೀಟಿ ಅಂದರೆ ಬ್ರಿಗೇಡಿನವರು ಪ್ರತಿ ಸಂಜೆ ಕೋರಿಗೆ ಕಳಿಸುವುದು: ನಾಳೆ ನಮ್ಮಲ್ಲಿ ಊಟಕ್ಕೆ ಇಷ್ಟು ಜನ ಅಂತ. ಅವನ್ನೆಲ್ಲ ಒಟ್ಟುಮಾಡಿ ಬರೆಯುವುದು ಬಿಳಿ ಹಾಳೆ. ಅದು ಬೇಕರಿಗೆ ಒಂದು ಹೋಗುತ್ತದೆ, ಜನರಲ್‌ಗೆ ಒಂದು. ಗುಲಾಬಿಗೂ ಬಿಳಿಗೂ ನಡುವೆ ಒಬ್ಬ ಮನುಷ್ಯ ಕೂತಿರುತ್ತಾನೆ. ಅವನು ಯಾರು ಅಂತ ಇಲ್ಲಿ ಬರೆಯುವುದಿಲ್ಲ.

ಬಿಳಿ ಹಾಳೆಗಳು ಅಡಿಟಿಪ್ಪಣಿಯ ಹತ್ತಿರ ಇವೆ. ಗುಲಾಬಿ ನನ್ನ ಹತ್ತಿರ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟರೆ ಈ ಬೀದಿಯಲ್ಲಿ ನಾನು ತಲೆಯೆತ್ತಿ ಓಡಾಡುವುದು ಅಲ್ಲಿಗೆ ಮುಗಿಯಿತು. ಈ ಮನೆಯಲ್ಲಿ ಚಹಾ ಸಿಗುವುದೂ ಮುಗಿಯಬಹುದು.

ಟ್ರಂಕಿನ ಮುಚ್ಚಳದ ಸಂದಿಗೆ ಒಂದು ಬೆಂಕಿಕಡ್ಡಿ ಸಿಕ್ಕಿಸಿದ್ದೇನೆ. ಯಾರಾದರೂ ತೆಗೆದರೆ ಬೀಳುತ್ತದೆ.

ಮಾರ್ಚ್ ೭, ಶುಕ್ರವಾರ

ಕಡ್ಡಿ ಬಿದ್ದಿದೆ. ಅಕ್ಕನ ಮಗಳನ್ನು ನೇರವಾಗಿ ಕೇಳದೆ, ಕಂಬಳಿಗೆ ನುಸಿಗುಳಿಗೆ ಹಾಕಿದೆಯಾ ಅಂತ ಬಳಸಿ ಕೇಳಿದೆ. "ನಿನ್ನೆ ರಾತ್ರಿ ಮೂರು ಸಲ ಟ್ರಂಕ್ ತೆಗೆದು ಮುಚ್ಚಿದ್ದು ನೀನೇ ಅಲ್ವಾ ಮಾವ" ಅಂದಳು.

ನೋಡಿ, ಎಣಿಸಿಯೂ ಇಟ್ಟಿದ್ದಾಳೆ.

ಮಾರ್ಚ್ ೧೦, ಸೋಮವಾರ

ಕ್ಷೌರದಂಗಡಿಗೆ ಹೋಗಿದ್ದೆ. ಅಲ್ಲಿ ನನಗೊಂದು ಸ್ಥಾನವಿದೆ. ಕನ್ನಡಿಯ ಎದುರಿನ ಎರಡನೇ ಕುರ್ಚಿ ಖಾಲಿಯಿದ್ದರೂ ಕ್ಷೌರಿಕ ಅದನ್ನು ಬಟ್ಟೆಯಿಂದ ಒಂದು ಸಲ ಹೊಡೆದು, ಕೂತ್ಕೊಳ್ಳಿ ಜನರಲ್ ಸಾಹೇಬ್ರೇ ಅನ್ನುತ್ತಾನೆ. ಸರದಿಗೆ ಕಾದವರು ನಗುತ್ತಾರೆ, ನಕ್ಕರೂ ಕಥೆ ಕೇಳುತ್ತಾರೆ. ಸೇತುವೆಯ ಯುದ್ಧ ಹೇಳಿ ಅಂತ ಯಾರೋ ಕೇಳಿದರು. ನಾನು ಬೂಟಿನ ಕಥೆಯನ್ನೇ ಇನ್ನೊಂದು ಸಲ ಹೇಳಿದೆ.

ಕತ್ತಿ ಗಂಟಲ ಮೇಲಿದ್ದಾಗ ಕ್ಷೌರಿಕ ಹೇಳಿದ, ಶನಿವಾರ ಒಬ್ಬ ತೆಳ್ಳನೆಯವನು ಬಂದಿದ್ದ, ನಿಮ್ಮ ವಿಷಯ ಕೇಳಿದ ಅಂತ. ನಾನು ಉಗುಳೂ ನುಂಗಲಿಲ್ಲ. ಏನು ಕೇಳಿದ? ನಿಮಗೆ ಸಿಹಿ ಇಷ್ಟವಾ, ಬರುವಾಗ ಬಿಸ್ಕತ್ತು ತರಬಹುದಾ ಅಂತ ಕೇಳಿದನಂತೆ.

ಬಿಸ್ಕತ್ತು. ಯುದ್ಧದಲ್ಲಿ ಕೈದಿಗಳ ಬಾಯಿ ಬಿಡಿಸುವುದಕ್ಕೆ ಮೊದಲು ಕೊಡುತ್ತಿದ್ದದ್ದೂ ಬಿಸ್ಕತ್ತನ್ನೇ.

ಮಾರ್ಚ್ ೧೪, ಶುಕ್ರವಾರ

ಬಿಸ್ಕತ್ತು ತಂದಿದ್ದ. ನಾನು ಆರು ತಿಂದೆ, ಬಾಯಿ ಮಾತ್ರ ಬಿಡಲಿಲ್ಲ.

ಅವನೇ ತನ್ನ ಪುಸ್ತಕದ ಸೇತುವೆಯ ಅಧ್ಯಾಯವನ್ನು ಓದಿ ಹೇಳಿದ, ತಪ್ಪಿದ್ದರೆ ತಿದ್ದಿ ಅಂದ. ಅವನು ಬರೆದಿರುವುದು ಇಷ್ಟು. ಕೋರು ನದಿ ದಾಟಿ ಹಿಂದೆ ಸರಿಯುವಾಗ ಕಬ್ಬಿಣದ ಸೇತುವೆಯನ್ನು ಹಿಡಿದು ನಿಲ್ಲುವುದಕ್ಕೆ ಮಧ್ಯದ ಡಿವಿಷನ್ನಿನ ಒಂದು ಬ್ರಿಗೇಡನ್ನು ಬಿಟ್ಟರು. ಅದರ ಬ್ರಿಗೇಡಿಯರ್, ನನ್ನ ಜನ ತುಂಬಾ ಕಡಿಮೆಯಾಗಿದ್ದಾರೆ, ಸಹಾಯಕ್ಕೆ ಇನ್ನೊಂದು ಬ್ರಿಗೇಡು ಕಳಿಸಿ ಅಂತ ಎರಡು ಸಲ ಬೇಡಿಕೊಂಡರು. ತಕ್ಕಡಿ ಜನರಲ್ ಬಿಳಿ ಹಾಳೆ ತರಿಸಿ ನೋಡಿದರು. ಅದರ ಪ್ರಕಾರ ಆ ಬ್ರಿಗೇಡಿನಲ್ಲಿ ಊಟಕ್ಕೆ ಎರಡು ಸಾವಿರದ ಆರುನೂರು ಜನ. ಬ್ರಿಗೇಡಿಯರ್ ಹೆದರಿ ಸುಳ್ಳು ಹೇಳುತ್ತಿದ್ದಾರೆ ಅಂದುಕೊಂಡು, ಕೈಯಲ್ಲಿದ್ದ ಒಂದೇ ಮೀಸಲು ಬ್ರಿಗೇಡನ್ನು ಎಡಕ್ಕೆ ಕಳಿಸಿಬಿಟ್ಟರು. ಸೇತುವೆ ಹೋಯಿತು. ಆಮೇಲಿನ ವಿಚಾರಣೆಯಲ್ಲಿ, ಇಲ್ಲದ ಜನರ ಹೆಸರಿನಲ್ಲಿ ಬ್ರೆಡ್ಡು ತರಿಸಿ ಮಾರಿಕೊಂಡವರು ಅಂತ ಬ್ರಿಗೇಡಿಯರನ್ನು ಕೆಲಸದಿಂದ ತೆಗೆದರು, ಪದಕಗಳನ್ನು ಕಿತ್ತುಕೊಂಡರು.

ಸರಿಯಾಗಿದೆಯಾ ಅಂತ ಕೇಳಿದ. ಸರಿಯಾಗಿದೆ ಅಂದೆ. ಸೇತುವೆಯಲ್ಲಿ ಹೋದವರು ಜಾಸ್ತಿಯೇನಿಲ್ಲ, ಹತ್ತಾರು ಜನ ಇರಬಹುದು ಅಂತಲೂ ಅಂದೆ. ಅಡಿಟಿಪ್ಪಣಿ ಕನ್ನಡಕ ತೆಗೆದು ಒರೆಸಿದ. ಒರೆಸಿದ್ದು ಬಹಳ ಹೊತ್ತಾಯಿತು.

ಆದರೆ ಗೆದ್ದೆ. ಅವನಿಗೆ ನನ್ನ ಮೇಲೆ ಅನುಮಾನವಿಲ್ಲ. ಪುಸ್ತಕದಲ್ಲಿ ಅಚ್ಚಾದರೆ ಇನ್ನು ಎಂದೆಂದಿಗೂ ಅದೇ ನಿಜ. ಊಟ ಸೇರಲಿಲ್ಲ, ಬಿಸ್ಕತ್ತು ಜಾಸ್ತಿಯಾಯಿತು ಅಂತ ಕಾಣುತ್ತದೆ.

ಮಾರ್ಚ್ ೧೭, ಸೋಮವಾರ

ಗೆದ್ದ ಮೇಲೂ ಎದುರಾಳಿಯ ಕೋಟೆಯನ್ನು ಒಂದು ಸಲ ನೋಡಿ ಬರಬೇಕು. ಅಕ್ಕನ ಮಗಳು ಊಟದ ಡಬ್ಬಿ ಮರೆತಿದ್ದಾಳೆ ಅಂತ ನೆಪ ಹೇಳಿ ಕಚೇರಿಗೆ ಹೋದೆ. ಡಬ್ಬಿಯನ್ನು ಅವಳ ಚೀಲದಿಂದ ತೆಗೆದಿಟ್ಟಿದ್ದವನೂ ನಾನೇ.

ಉದ್ದನೆಯ ಪಡಸಾಲೆ, ಎರಡೂ ಕಡೆ ಬೀರುಗಳು, ಹಳೇ ಕಾಗದದ ವಾಸನೆ. ಅಡಿಟಿಪ್ಪಣಿಯ ಬಾಗಿಲ ಎದುರು ಒಂದು ಬೆಂಚು, ಅದರ ಮೇಲೆ ಒಬ್ಬ ವಯಸ್ಸಾದ ಹೆಂಗಸು. ಬೂದು ಬಣ್ಣದ ಕೋಟು, ಗುಂಡಿಗಳಲ್ಲಿ ಒಂದು ಬೇರೆ ಬಣ್ಣದ್ದು. ಕೈಯಲ್ಲಿ ಪುಸ್ತಕವಿಲ್ಲ, ಹೆಣಿಗೆಯಿಲ್ಲ. ಸುಮ್ಮನೆ ಕೂತಿದ್ದಾಳೆ. ಯಾರೂ ಸುಮ್ಮನೆ ಕೂರುವುದಿಲ್ಲ. ನನ್ನನ್ನು ತಲೆಯಿಂದ ಬೂಟಿನವರೆಗೆ ನೋಡಿದಳು.

ಜವಾನನನ್ನು ಕೇಳಿದೆ. ಅವನು, ಅವರಾ, ಬೆಂಚಿನಮ್ಮ ಅಂದ. ಪ್ರತಿ ಸೋಮವಾರ, ಗುರುವಾರ ಬರುತ್ತಾರಂತೆ, ಮೂರು ವರ್ಷದಿಂದ.

ಗೂಢಚಾರಿಣಿ. ಬೇರೇನೂ ಇರಲು ಸಾಧ್ಯವಿಲ್ಲ.

ಮಾರ್ಚ್ ೧೮, ಮಂಗಳವಾರ

ಅಕ್ಕನ ಮಗಳು ಹೇಳಿದಳು. ಗೂಢಚಾರಿಣಿಯಲ್ಲ. ಸೇತುವೆಯ ಬ್ರಿಗೇಡಿಯರ್ ಹೆಂಡತಿ. ಅವರು ತೀರಿಕೊಂಡು ಮೂರು ವರ್ಷವಾಯಿತಂತೆ.

ಹಾಗಾದರೆ ಇನ್ನೂ ಕೆಟ್ಟದ್ದು.

ಮಾರ್ಚ್ ೨೦, ಗುರುವಾರ

ನಾನಾಗಿಯೇ ಹೋಗಲಿಲ್ಲ. ಅಂಚೆ ಕಚೇರಿಗೆ ಹೊರಟಿದ್ದೆ, ಕಾಲು ಅತ್ತ ತಿರುಗಿತು.

ಬೆಂಚಿನಮ್ಮ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಏನು ಬಂದಿರಿ ಅಂತ ಕೇಳಿದರು. ನಾನು ಸುಮ್ಮನಿರುವ ಪೈಕಿಯಲ್ಲ. ಕೋರಿನ ಮುಖ್ಯ ಕಚೇರಿಯಲ್ಲಿ ದೊಡ್ಡ ಜವಾಬ್ದಾರಿಯಲ್ಲಿದ್ದೆ, ಇತಿಹಾಸಕ್ಕೆ ಸಲಹೆ ಕೊಡುತ್ತಿದ್ದೇನೆ ಅಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಈಗ ಹಿಡಿದುಕೊಳ್ಳುತ್ತಾರೆ, ನನ್ನ ಗಂಡನ ಹೆಸರು ಉಳಿಸಿ ಅಂತ ಅಳುತ್ತಾರೆ ಅಂದುಕೊಂಡೆ. ಅದಕ್ಕೆ ಏನು ಹೇಳಬೇಕು ಅಂತಲೂ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡೆ.

ಅವರು ಅಳಲಿಲ್ಲ. ಬಾಗಿಲ ಕಡೆ ನೋಡುತ್ತಲೇ ಹೇಳಿದರು:

"ಅವರು ಒಳ್ಳೆಯವರು ಅಂತ ಬರೆಸೋಕೆ ನಾನು ಬರ್ತಿಲ್ಲ. ಮಾರಿದ್ರೋ ಇಲ್ವೋ, ಅದೊಂದು ಗೊತ್ತಾದ್ರೆ ಸಾಕು. ಎಂಟು ವರ್ಷ ಒಂದೇ ಮನೆಯಲ್ಲಿದ್ವಿ, ಊಟಕ್ಕೆ ಬಡಿಸುವಾಗೆಲ್ಲ ಅದೇ ಯೋಚನೆ ಬರೋದು. ಸಾಯೋ ಹಿಂದಿನ ದಿನ ಕೇಳೇಬಿಟ್ಟೆ. ನನಗಾದ್ರೂ ನಿಜ ಹೇಳಿ, ಆ ಬ್ರೆಡ್ಡು ಮಾರಿದ್ರಾ ಅಂತ. ಗೋಡೆ ಕಡೆ ತಿರುಗಿ ಮಲಗಿದ್ರು. ಆಮೇಲೆ ಮಾತಾಡಲೇ ಇಲ್ಲ."

ಅಂಚೆಗೆ ಹಾಕಬೇಕಿದ್ದ ಕಾಗದವನ್ನು ಜೇಬಿನಲ್ಲಿ ತಡವಿ ನೋಡಿಕೊಂಡೆ.

"ಕಳ್ಳ ಆಗಿದ್ರೆ ನಾನು ಕೇಳಿದ್ದು ಸರಿ," ಅಂದರು. "ಅಲ್ಲ ಅಂದ್ರೆ ಅವರು ನನ್ನ ಬಾಯಿಂದ ಕೇಳಿಸ್ಕೊಂಡ ಕೊನೇ ಮಾತು ಅದೇ. ನೀವು ಕೋರಿನಲ್ಲಿದ್ದವರು. ನಿಮಗೆ ಏನನ್ನಿಸುತ್ತೆ?"

ಹೊತ್ತಾಯಿತು, ಅಂಚೆ ಕಚೇರಿ ಮುಚ್ಚುತ್ತದೆ ಅಂತ ಎದ್ದು ಬಂದೆ. ಕಾಗದ ಜೇಬಿನಲ್ಲೇ ಉಳಿದಿದೆ.

ಮಾರ್ಚ್ ೨೧, ಶುಕ್ರವಾರ

ಬರೆಯುವಂಥದ್ದೇನೂ ಇಲ್ಲ.

ಅಕ್ಕನ ಮಗಳು ಬ್ರೆಡ್ಡು ತಂದಿದ್ದಳು. ಬೇಡ ಅಂದೆ. ಮೈ ಹುಷಾರಿಲ್ವಾ ಮಾವ ಅಂತ ಹಣೆ ಮುಟ್ಟಿ ನೋಡಿದಳು. ಯಾಕೆ ಮುಟ್ಟಿದಳು, ಯಾರಾದರೂ ಹೇಳಿಕೊಟ್ಟರೇ ಅಂತ ಯೋಚಿಸಿದೆ. ಸ್ವಲ್ಪ ಹೊತ್ತು ಮಾತ್ರ.

ಮಾರ್ಚ್ ೨೪, ಸೋಮವಾರ

ಕಡ್ಡಿ ಮೊನ್ನೆಯಿಂದ ನೆಲದ ಮೇಲೆ ಬಿದ್ದಿದೆ. ತಿರುಗಿ ಸಿಕ್ಕಿಸುವುದಕ್ಕೆ ಮರೆತಿದ್ದೇನೆ.

ಗುಲಾಬಿಗೂ ಬಿಳಿಗೂ ನಡುವೆ ಕೂತಿದ್ದವನು ಕೆಟ್ಟವನಲ್ಲ ಅಂತ ಬರೆಯಬೇಕು. ಆಗ ಬ್ರೆಡ್ಡನ್ನು ತಲೆಗೆ ಒಂದರಿಂದ ಅರ್ಧಕ್ಕೆ ಇಳಿಸಿದ್ದರು. ಅರ್ಧ ಬ್ರೆಡ್ಡು ತಿಂದು ಮನುಷ್ಯ ಹಳ್ಳ ತೋಡುವುದಕ್ಕಾಗುವುದಿಲ್ಲ. ಅದಕ್ಕೆ ನಾವು ರೇಷನ್ ಗುಮಾಸ್ತರು ಒಂದು ಪದ್ಧತಿ ಮಾಡಿಕೊಂಡಿದ್ದೆವು. ಸತ್ತವರನ್ನು ಮೂರು ದಿನ ಬಿಳಿ ಹಾಳೆಯಲ್ಲಿ ಬದುಕಿಸಿಡುವುದು. ಗುಲಾಬಿ ಚೀಟಿಯಲ್ಲಿ ಎಷ್ಟೇ ಬರಲಿ, ಹಿಂದಿನ ಅಂಕಿಯನ್ನೇ ಮುಂದುವರಿಸುವುದು. ಅವರ ಪಾಲು ಬದುಕಿದವರಿಗೆ ಸಿಗುತ್ತಿತ್ತು. ಅದಕ್ಕೆ ಇಲ್ಲದವರ ಪಾಲು ಅನ್ನುತ್ತಿದ್ದೆವು. ಒಂದು ಚೂರೂ ಯಾರೂ ಮಾರಲಿಲ್ಲ. ಎರಡನೇ ಜನರಲ್‌ಗೆ ಇದು ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇದ್ದರು.

ತಕ್ಕಡಿ ಬಂದ ಮೇಲೆ ಬದಲಾಯಿತು. ಶತ್ರು ಎಷ್ಟಿದ್ದಾರೆ, ನಮ್ಮವರು ಎಷ್ಟಿದ್ದಾರೆ ಅಂತ ಬ್ರಿಗೇಡಿಯರ್‌ಗಳು ಬಾಯಿಗೆ ಬಂದದ್ದು ಹೇಳ್ತಾರೆ, ನನಗೆ ಊಟದ ಹಾಳೆ ತನ್ನಿ ಅನ್ನುತ್ತಿದ್ದರಂತೆ. ಅವರ ಆರ್ಡರ್ಲಿ ಬಂದು ಹೇಳಿದ, ಸಾಹೇಬರು ನಕ್ಷೆ ಬಿಟ್ಟು ನಿನ್ನ ಹಾಳೆ ನೋಡಿಕೊಂಡು ಯುದ್ಧ ಮಾಡ್ತಿದಾರೆ ಕಣೋ ಅಂತ. ಅದನ್ನು ಕೇಳಿದಾಗಲೇ ಹೋಗಿ ಹೇಳಬೇಕಿತ್ತು. ಅವನು ಹೇಳಲಿಲ್ಲ. ಅವನಿಗೆ ಹೆಮ್ಮೆಯಾಯಿತು. ಆವತ್ತು ಎರಡು ಸಲ ಬೂಟಿಗೆ ಪಾಲಿಶ್ ಹಾಕಿದ.

ಸೇತುವೆಯಿಂದ ಆ ಸಂಜೆ ಬಂದ ಗುಲಾಬಿ ಚೀಟಿಯಲ್ಲಿ ಅಂಕಿ ಬಹಳ ಇಳಿದಿತ್ತು. ಹಾಗೇ ಬರೆದರೆ ಒಂದೇ ದಿನಕ್ಕೆ ಇಷ್ಟು ಜನ ಹೇಗೆ ಕಡಿಮೆಯಾದರು, ನಿನ್ನೆ ಮೊನ್ನೆಯ ಹಾಳೆಗಳನ್ನೂ ತನ್ನಿ ಅನ್ನುತ್ತಾರೆ. ಪದ್ಧತಿ ಬಯಲಾಗುತ್ತದೆ. ಹೆದರಿದ. ಹಿಂದಿನ ಅಂಕಿಯನ್ನೇ ಬರೆದ: ೨೬೦೦.

ವಿಚಾರಣೆಗೆ ಅವನನ್ನೂ ಕರೆದಿದ್ದರು. ಚೀಟಿಯಲ್ಲಿ ಇದ್ದದ್ದನ್ನೇ ಕೂಡಿಸಿದೆ ಅಂದ. ಚೀಟಿಗಳೆಲ್ಲಿ ಅಂದರು. ನದಿ ದಾಟುವಾಗ ಲಾರಿ ಮುಳುಗಿತು ಅಂದ. ಮೂರು ನಿಮಿಷದ ಕೆಲಸ.

ಆಗಲೇ ಸುಡಬಹುದಿತ್ತು. ಯಾಕೆ ಸುಡಲಿಲ್ಲ ಅಂತ ನನಗೆ ಗೊತ್ತಿಲ್ಲ. ಕೆಲವು ನೂರು ಜನ ಹೋದರು, ಯುದ್ಧದಲ್ಲಿ ಹೋಗುತ್ತಾರೆ.

ಮಾರ್ಚ್ ೨೭, ಗುರುವಾರ

ಬೆಳಿಗ್ಗೆ ಕಂತೆಯನ್ನು ಕಂಬಳಿಯ ಸಮೇತ ಎತ್ತಿಕೊಂಡು ಕಚೇರಿಗೆ ಹೋದೆ. ಬೆಂಚಿನಮ್ಮ ಇದ್ದರು. ಅವರ ಮುಖ ನೋಡದೆ ಒಳಗೆ ಹೋದೆ. ಅಕ್ಕನ ಮಗಳು ಟೈಪ್ ಮಾಡುವುದನ್ನು ನಿಲ್ಲಿಸಿದಳು.

ಕಂಬಳಿ ಬಿಚ್ಚಿ, ದಾರ ಬಿಚ್ಚಿ, ಚೀಟಿಗಳನ್ನು ಅಡಿಟಿಪ್ಪಣಿಯ ಮೇಜಿನ ಮೇಲೆ ತಾರೀಖಿನ ಪ್ರಕಾರ ಹರಡಿದೆ. ಹನ್ನೊಂದು ವರ್ಷವಾದರೂ ಕೈಗೆ ಆ ಕೆಲಸ ಮರೆತಿರಲಿಲ್ಲ. ಅವನು ಬೀರುವಿನಿಂದ ಬಿಳಿ ಹಾಳೆ ತಂದು ಪಕ್ಕದಲ್ಲಿಟ್ಟ. ಎರಡನ್ನೂ ಬಹಳ ಹೊತ್ತು ನೋಡಿದ. ನಾನು ಪೊಲೀಸರಿಗೆ ಕಾದೆ. ಬಾಗಿಲಲ್ಲಿ ನೆರಳು ಸರಿದದ್ದು ಅವರೇ ಅಂದುಕೊಂಡೆ. ಜವಾನ, ನೀರು ತಂದಿದ್ದ.

ನಾನು ಗುಮಾಸ್ತನಾಗಿದ್ದೆ ಅಂತ ನಿನಗೆ ಯಾವತ್ತು ಗೊತ್ತಾಯಿತು ಅಂತ ಕೇಳಿದೆ. ಬರುವ ಮುಂಚೆಯೇ ಗೊತ್ತಿತ್ತು, ಸಿಬ್ಬಂದಿಯ ಪಟ್ಟಿಯಲ್ಲಿದೆ ಅಂದ. ಮತ್ತೆ ಇಷ್ಟು ದಿನ ಯಾಕೆ ಸುಮ್ಮನೆ ಕೂತು ಕೇಳಿದೆ?

"ಮಾತಾಡ್ತಿದ್ದೋರು ಜನರಲ್ ಸಾಹೇಬ್ರು," ಅಂದ. "ಗುಮಾಸ್ತರು ಬರಲಿ ಅಂತ ಕಾಯ್ತಿದ್ದೆ ಯಜಮಾನ್ರೇ."

ಆಮೇಲೆ ಎದ್ದು ಹೋಗಿ ಬೆಂಚಿನಮ್ಮನನ್ನು ಒಳಗೆ ಕರೆದ. ಸೇತುವೆಯ ಸಂಜೆಯ ಚೀಟಿಯನ್ನು ಅವರ ಕೈಗೆ ಕೊಟ್ಟು, ಬಿಳಿ ಹಾಳೆಯಲ್ಲಿ ಅಂಕಿ ಬದಲಾದದ್ದನ್ನು ತೋರಿಸಿದ. ಆ ಬ್ರಿಗೇಡಿನ ಪ್ರತಿ ಚೀಟಿಯ ಮೂಲೆಯಲ್ಲೂ ಅವರ ಗಂಡನ ರುಜು ಇತ್ತು. ಅವರು ರುಜುವಿನ ಮೇಲೆ ಬೆರಳಿಟ್ಟುಕೊಂಡು ನಿಂತರು. ಹಾಳೆ ತಿದ್ದಿದ್ದು ಯಾರು ಅಂತ ಕೇಳಿದರು. ನಾನೇ ಅಂದೆ. ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು.

"ಅವರು ಮಾರಲಿಲ್ಲ," ಅಂದರು. ನನ್ನನ್ನು ಕೇಳಿದ್ದಲ್ಲ. ಮತ್ತೆ ನನ್ನ ಕಡೆ ತಿರುಗಿ, "ಎಷ್ಟು ಜನ?" ಅಂದರು.

ಎಷ್ಟು ಜನ ಅಂದರೆ?

"ಮೀಸಲು ಬ್ರಿಗೇಡು ಬರುತ್ತೆ ಅಂತ ಕಾಯ್ತಾ ಸತ್ತವರು. ನಮ್ಮನೆಯವರು ನಿದ್ದೆಯಲ್ಲಿ ಎಣಿಸ್ತಿದ್ರು, ಮುಗಿಸ್ತಾ ಇರಲಿಲ್ಲ. ನೀವು ಲೆಕ್ಕದೋರು, ನಿಮಗೆ ಗೊತ್ತಿರುತ್ತೆ."

ಕೆಲವು ನೂರು ಅಂತ ಬಾಯಿಗೆ ಬಂತು, ಅಂದುಬಿಟ್ಟೆ. ಅವರು ಕೋಟಿನ ಗುಂಡಿ ಹಾಕಿಕೊಂಡು ಹೊರಟುಹೋದರು.

ಸಂಜೆ ಅಕ್ಕನ ಮಗಳು ನನ್ನ ಜೊತೆ ಮಾತಾಡಲಿಲ್ಲ. ಚಹಾ ಮಾತ್ರ ಮಾಡಿ ಇಟ್ಟಳು. ಸಕ್ಕರೆ ಹಾಕಿದ್ದಳು.

ಮಾರ್ಚ್ ೨೯, ಶನಿವಾರ

ಕ್ಷೌರದಂಗಡಿಯಲ್ಲಿ ಕುರ್ಚಿಯನ್ನು ಬಟ್ಟೆಯಿಂದ ಹೊಡೆದು ಕೊಟ್ಟ, ಇನ್ನೂ ಸುದ್ದಿ ಹೋಗಿಲ್ಲ. ನಾನು ರೇಷನ್ ಗುಮಾಸ್ತ ಆಗಿದ್ದೆ ಕಣಪ್ಪ, ಜನರಲ್ ಅಲ್ಲ ಅಂದೆ. ಇದು ಹೊಸ ತಮಾಷೆ ಅಂತ ಎಲ್ಲರೂ ನಕ್ಕರು.

ಬೆಂಚಿನಮ್ಮ ಮತ್ತೆ ಸೋಮವಾರ ಬೆಂಚಿಗೆ ಬರುತ್ತಾರೋ ಇಲ್ಲವೋ. ಬರದಿದ್ದರೆ ಮನೆ ಹುಡುಕಿಕೊಂಡು ಹೋಗಬೇಕು. ಬಾಯಿ ತೆರೆದರೆ ಮತ್ತೆ ಬೇರೆ ಏನಾದರೂ ಬಂದುಬಿಡಬಹುದು, ಅದಕ್ಕೆ ಇಲ್ಲಿ ಬರೆದುಕೊಂಡು ಈ ಹಾಳೆಯನ್ನೇ ಹರಿದು ಕೊಡುತ್ತೇನೆ.

ಸೇತುವೆ ಹೋದದ್ದು ರಾತ್ರಿ. ಬೆಳಿಗ್ಗೆ ಆ ಬ್ರಿಗೇಡಿಗೆ ಎರಡು ಸಾವಿರದ ಆರುನೂರು ಅರ್ಧ ಬ್ರೆಡ್ಡು ಕಳಿಸಿದೆವು. ಮಧ್ಯಾಹ್ನ ಅದೇ ಲಾರಿ ತುಂಬಿಕೊಂಡೇ ವಾಪಸ್ಸು ಬಂತು. ಡ್ರೈವರ್ ಕೆಳಗಿಳಿಯಲಿಲ್ಲ, ಸ್ಟೇರಿಂಗ್ ಮೇಲೆ ತಲೆಯಿಟ್ಟು ಕೂತಿದ್ದ. ವಾಪಸ್ಸು ಬಂದದ್ದನ್ನು ಎಣಿಸಿ ಬರೆದುಕೊಳ್ಳಬೇಕು ಅಂತ ನಿಯಮ. ನಾನೊಬ್ಬನೇ ಎಣಿಸಿದೆ, ಕೈಯಿಂದ, ಒಂದೊಂದಾಗಿ. ಎರಡು ಸಾವಿರದ ಇನ್ನೂರ ಎಂಭತ್ತಮೂರು ಇದ್ದವು. ಅಂದರೆ ತಿಂದವರು ಮುನ್ನೂರ ಹದಿನೇಳು ಜನ. ವಾಪಸ್ಸು ಬಂದವುಗಳಲ್ಲಿ ಆರುನೂರ ತೊಂಬತ್ತಾರು ನಾನೇ ಸೇರಿಸಿದ್ದ ಇಲ್ಲದವರ ಪಾಲು. ಹಿಂದಿನ ಸಂಜೆಯ ಗುಲಾಬಿ ಚೀಟಿಯಲ್ಲಿ ಸೇತುವೆಯ ಮೇಲೆ ಒಂದು ಸಾವಿರದ ಒಂಬೈನೂರ ನಾಲ್ಕು ಜನ ಇದ್ದರು ಅಂತ ಬ್ರಿಗೇಡಿಯರ್ ರುಜು ಹಾಕಿ ನಿಜವನ್ನೇ ಬರೆದಿದ್ದರು.

ನಾನು ಕಳೆದದ್ದು ಒಂದು ಸಾವಿರದ ಐನೂರ ಎಂಭತ್ತೇಳು ಜನರನ್ನು.